ರೈಟ್ ಗೆದ್ದರೂ ಸಂದೇಶ ತಲುಪಲಿಲ್ಲ, ಏಕೆ?

ಪ್ರಶ್ನೆ: ಲಿನಕ್ಸ್‌ನಲ್ಲಿ ಸಿ ಭಾಷೆಯಲ್ಲಿ ಬರೆದ ನನ್ನ ಮುಖ್ಯ ಪ್ರೋಗ್ರಾಂ, ಸ್ಟ್ರೀಮ್ ಮಾದರಿಯ ಯುನಿಕ್ಸ್ ಸಾಕೆಟ್ (ಒಂದೇ ಯಂತ್ರದ ಪ್ರೋಸೆಸ್‌ಗಳ ನಡುವಿನ ಸಂಪರ್ಕ) ಮೂಲಕ ವರ್ಕರ್ ಪ್ರೋಸೆಸ್‌ಗೆ, ಅಂದರೆ ಕೆಲಸ ಮಾಡುವ ಇನ್ನೊಂದು ಪ್ರೋಗ್ರಾಂಗೆ, ಕೆಲಸ ಕಳಿಸುತ್ತದೆ. ವರ್ಕರ್ ಸತ್ತರೆ ಮುಖ್ಯ ಪ್ರೋಗ್ರಾಂ ಸಹ ಲಾಗ್‌ನಲ್ಲಿ ಒಂದು ಸಾಲೂ ಬರೆಯದೆ ನಿಂತುಹೋಗುತ್ತದೆ. ಶೆಲ್‌ನಲ್ಲಿ ಎಕ್ಸಿಟ್ ಕೋಡ್ 141 ಕಾಣುತ್ತದೆ. ಪ್ರತಿ ರೈಟ್ (ಸಾಕೆಟ್‌ಗೆ ಬರೆಯುವ ಕರೆ) ಆದಮೇಲೂ ಎರರ್ ಪರೀಕ್ಷಿಸುತ್ತಿದ್ದೇನೆ. ಆದರೂ ಕೆಲವು ಸಂದೇಶಗಳು ಕಳೆದುಹೋಗುತ್ತಿವೆ.

ಉತ್ತರ: ಸಿಗ್ನಲ್‌ನಿಂದ (ಪ್ರೋಸೆಸ್‌ಗೆ ಬರುವ ಸೂಚನೆಯಿಂದ) ಸತ್ತ ಪ್ರೋಸೆಸ್‌ಗೆ ಶೆಲ್ 128ರ ಜೊತೆ ಆ ಸಿಗ್ನಲ್‌ನ ಸಂಖ್ಯೆ ಕೂಡಿಸಿ ತೋರಿಸುತ್ತದೆ. ಇಲ್ಲಿ ಉಳಿದ 13 ಎಂದರೆ ಸಿಗ್‌ಪೈಪ್ (SIGPIPE). ಆ ಕಡೆ ಓದುವವರಿಲ್ಲದ ಸಾಕೆಟ್‌ಗೆ ಬರೆದರೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಈ ಸಿಗ್ನಲ್ ಕಳಿಸುತ್ತದೆ. ತಡೆಯದಿದ್ದರೆ ಪ್ರೋಸೆಸ್ ಅಲ್ಲೇ ಮುಗಿಯುತ್ತದೆ, ನಿಮ್ಮ ಎರರ್ ಪರೀಕ್ಷೆಯ ಸಾಲಿಗೆ ಸರದಿಯೇ ಬರುವುದಿಲ್ಲ. ರೈಟ್ ಬದಲು ಸೆಂಡ್ ಬಳಸಿ, ಎಂಎಸ್‌ಜಿ_ನೋಸಿಗ್ನಲ್ (MSG_NOSIGNAL) ಫ್ಲ್ಯಾಗ್ ಕೊಡಿ. ಆಗ ಸಿಗ್ನಲ್ ಬಾರದೆ ಇಪೈಪ್ (EPIPE) ಎರರ್ ಮಾತ್ರ ಬರುತ್ತದೆ. ಸಾಕೆಟ್ ಬದಲು ಪೈಪ್ (ಒಂದು ತುದಿಯಲ್ಲಿ ಬರೆದು ಇನ್ನೊಂದರಲ್ಲಿ ಓದುವ ಕೊಳವೆ) ಆದರೆ ಈ ಫ್ಲ್ಯಾಗ್ ನಡೆಯದು, ಅಲ್ಲಿ ಸಿಗ್ನಲ್ಲನ್ನೇ ಇಗ್ನೋರ್ ಮಾಡಬೇಕು. ಹಾಗೆ ಇಗ್ನೋರ್ ಮಾಡಿದ್ದು ಎಕ್ಸೆಕ್ (ಪ್ರೋಸೆಸ್‌ನಲ್ಲಿ ಹೊಸ ಪ್ರೋಗ್ರಾಂ ಶುರುಮಾಡುವ ಕರೆ) ಆದಮೇಲೂ ಮಗು ಪ್ರೋಸೆಸ್‌ಗೆ ಅಂಟಿಕೊಂಡಿರುತ್ತದೆ. ಎಕ್ಸೆಕ್‌ಗೆ ಮೊದಲು ಡೀಫಾಲ್ಟ್‌ಗೆ ಮರಳಿಸಿ.

ಕಳೆದುಹೋಗುವ ಸಂದೇಶಗಳದ್ದು ಇದಕ್ಕಿಂತ ಗಂಭೀರ ವಿಷಯ. ರೈಟ್ ಯಶಸ್ವಿ ಎಂದರೆ ಬೈಟ್‌ಗಳು ಕರ್ನಲ್‌ನ ಬಫರ್ (ತಾತ್ಕಾಲಿಕ ಸಂಗ್ರಹ) ಸೇರಿವೆ, ಅಷ್ಟೇ. ವರ್ಕರ್ ಅವನ್ನು ಓದಿದ್ದಕ್ಕೆ ಅದು ಪುರಾವೆಯಲ್ಲ. ಓದದೆ ಸತ್ತರೆ ಎರರ್ ಆಮೇಲೆ, ಬೇರೆಯೇ ಕರೆಯಲ್ಲಿ ಬರುತ್ತದೆ: ಮುಂದಿನ ಸೆಂಡ್‌ನಲ್ಲಿ ಇಪೈಪ್, ಇಲ್ಲವೇ ರೀಡ್‌ನಲ್ಲಿ (ಓದುವ ಕರೆಯಲ್ಲಿ) ಇಕನ್‌ರಿಸೆಟ್ (ECONNRESET). ಐದನೇ ಸಂದೇಶ ಕಳಿಸುವಾಗ ಕಂಡ ಎರರ್ ಮೂರನೆಯದರ ಕಥೆ ಹೇಳುತ್ತಿರಬಹುದು. ಆದ್ದರಿಂದ ಐದನೆಯದನ್ನಷ್ಟೇ ಮತ್ತೆ ಕಳಿಸುವುದು ತಪ್ಪು.

ಪ್ರತಿ ಸಂದೇಶಕ್ಕೂ ಒಂದು ಐಡಿ ಕೊಟ್ಟು, ಉತ್ತರ ಬರುವವರೆಗೆ ಬಾಕಿ ಪಟ್ಟಿಯಲ್ಲಿಡಿ. ಜೊತೆಗೆ ಒಂದು ಗಡುವೂ ಇರಲಿ, ಏಕೆಂದರೆ ವರ್ಕರ್ ಸಾಯದೆ ಸುಮ್ಮನೆ ಸಿಕ್ಕಿಕೊಂಡರೆ ಯಾವ ಎರರೂ ಬರುವುದಿಲ್ಲ. ಸಂಪರ್ಕ ಕಡಿದರೆ ಬಫರ್‌ನಲ್ಲಿ ಆಗಲೇ ಬಂದಿರುವ ಉತ್ತರಗಳನ್ನೆಲ್ಲ ಮೊದಲು ಓದಿ ಮುಗಿಸಿ, ಆಮೇಲೆ ಪಟ್ಟಿಯಲ್ಲಿ ಉಳಿದವನ್ನು ಹೊಸ ವರ್ಕರ್‌ಗೆ ಕಳಿಸಿ. ಕೆಲಸ ಮುಗಿಸಿ, ಉತ್ತರ ಕೊಡುವ ಮೊದಲೇ ವರ್ಕರ್ ಸತ್ತಿರಲೂಬಹುದು. ಹಾಗಾಗಿ ಹಣ ಕಡಿತದಂಥ ಕೆಲಸವಾದರೆ, ಮುಗಿದ ಐಡಿಯನ್ನು ಆ ಕೆಲಸದ ಜೊತೆಗೇ ಒಂದೇ ಡೇಟಾಬೇಸ್ ಟ್ರಾನ್ಸಾಕ್ಷನ್‌ನಲ್ಲಿ ದಾಖಲಿಸಲೇಬೇಕು.

ಇಐಎನ್‌ಟಿಆರ್ (EINTR, ಸಿಗ್ನಲ್ ಬಂದು ಕರೆ ನಡುವೆಯೇ ನಿಂತ ಎರರ್) ಬಂದರೆ ಅದೇ ಕರೆಯನ್ನು ಮತ್ತೆ ಮಾಡಿ. ಸೆಂಡ್‌ನಲ್ಲಿ ಇಅಗೇನ್ (EAGAIN) ಬಂದರೆ ಬಫರ್ ತುಂಬಿದೆ ಎಂದರ್ಥ: ಲೂಪ್‌ನಲ್ಲಿ ಸುಮ್ಮನೆ ಸುತ್ತುತ್ತಿರಬೇಡಿ, ಪೋಲ್‌ನಲ್ಲಿ (ಸಾಕೆಟ್ ಸಿದ್ಧವಾಗುವವರೆಗೆ ತಡೆದಿಡುವ ಕರೆಯಲ್ಲಿ) ಕಾಯಿರಿ. ಸೆಂಡ್ ಕೆಲವು ಬೈಟ್‌ಗಳನ್ನಷ್ಟೇ ಕಳಿಸಿ ಮರಳಬಹುದು; ಉಳಿದದ್ದನ್ನು ಅಲ್ಲಿಂದಲೇ ಮುಂದುವರಿಸಿ.

ಪ್ರಶ್ನೆ: ಮಗು ಪ್ರೋಸೆಸ್ ಸತ್ತರೂ ಅದರ ಪೈಪ್‌ನಿಂದ ಓದುವ ರೀಡ್ ಮುಗಿಯುವುದೇ ಇಲ್ಲ.

ಉತ್ತರ: ಆ ಪೈಪ್‌ಗೆ ಬರೆಯುವ ತುದಿ ಇನ್ನೆಲ್ಲೋ ತೆರೆದೇ ಇದೆ. ಫೋರ್ಕ್ (ಮಗು ಪ್ರೋಸೆಸ್ ಹುಟ್ಟಿಸುವ ಕರೆ) ಆದ ಕೂಡಲೇ ತಂದೆ ಪ್ರೋಸೆಸ್ ಆ ತುದಿಯನ್ನು ಮುಚ್ಚಬೇಕು. ಆಮೇಲೆ ಹುಟ್ಟುವ ಬೇರೆ ಪ್ರೋಗ್ರಾಂಗಳಿಗೂ ಅದು ಹೋಗದಂತೆ ಪೈಪ್ ತೆರೆಯುವ ಪೈಪ್2 ಕರೆಗೆ ಓ_ಕ್ಲೋಎಕ್ಸೆಕ್ (O_CLOEXEC) ಫ್ಲ್ಯಾಗ್ ಕೊಡಿ. ಯಾರ ಬಳಿ ತೆರೆದಿದೆ ಎಂಬುದು ಎಲ್‌ಎಸ್‌ಒಎಫ್ (lsof) ಎಂಬ ಕಮಾಂಡ್‌ನಲ್ಲಿ ಕಾಣುತ್ತದೆ.