ಅಡ್ಡಸಾಲು ಬಿಟ್ಟು ಕಂಬಸಾಲು ಓದಿ

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಸಮೀಕರಣಗಳನ್ನು ಬಿಡಿಸುವುದು, ಡಿಟರ್ಮಿನೆಂಟ್ ಕಂಡುಹಿಡಿಯುವುದು ನನಗೆ ಕಷ್ಟವಲ್ಲ. ಆದರೆ ಲೀನಿಯರ್ ಆಲ್ಜೀಬ್ರಾದಲ್ಲಿ ವೆಕ್ಟರ್ ಸ್ಪೇಸ್, ರೇಖೀಯ ಅವಲಂಬನೆ, ರ‍್ಯಾಂಕ್ ಎಂದು ಪಾಠ ಮುಂದುವರಿದ ಮೇಲೆ ನಿಯಮಗಳನ್ನು ಬಾಯಿಪಾಠ ಮಾಡುತ್ತಿದ್ದೇನೆಯೇ ಹೊರತು ಅವು ಏನನ್ನು ಹೇಳುತ್ತಿವೆ ಎಂಬುದು ತಿಳಿಯುತ್ತಿಲ್ಲ. ಮತ್ತೆ ಎಲ್ಲಿಂದ ಆರಂಭಿಸಲಿ?
— ಓದುಗರು, ಹಾಸನ

ಉತ್ತರ: ನಿಮಗೆ ಚೆನ್ನಾಗಿ ಬರುವ ಲೆಕ್ಕದಿಂದಲೇ ಆರಂಭಿಸಿ. 2ಅ + ಬ = 5, ಅ + 3ಬ = 5 ಎಂಬ ಎರಡು ಸಮೀಕರಣಗಳಿವೆ ಎನ್ನೋಣ. ಹತ್ತನೆಯ ತರಗತಿಯಲ್ಲಿ ಇವನ್ನು ಅಡ್ಡಸಾಲಾಗಿ ಓದಿ, ಒಂದೊಂದಕ್ಕೂ ಒಂದು ಸರಳರೇಖೆ ಎಳೆದು, ಆ ರೇಖೆಗಳು ಛೇದಿಸುವ ಬಿಂದುವೇ ಉತ್ತರವೆಂದು ಕಲಿತಿರುತ್ತೀರಿ: ಅ = 2, ಬ = 1. ಈಗ ಅದೇ ಅಂಕಿಗಳನ್ನು ಕಂಬಸಾಲಾಗಿ ಓದಿ. ಮೊದಲನೆಯದು (2, 1), ಎರಡನೆಯದು (1, 3), ಬಲಗಡೆಯಲ್ಲಿರುವುದು (5, 5). ಪ್ರಶ್ನೆಯ ಸ್ವರೂಪವೇ ಬದಲಾಯಿತು: ಈ ಎರಡು ವೆಕ್ಟರುಗಳನ್ನು (ಮೂಲಬಿಂದುವಿನಿಂದ ಆ ಅಂಕಿಗಳ ಬಿಂದುವಿಗೆ ಎಳೆದ ಬಾಣಗಳನ್ನು) ಎಷ್ಟೆಷ್ಟು ಪಾಲು ತೆಗೆದುಕೊಂಡು ಕೂಡಿಸಿದರೆ (5, 5) ಸಿಗುತ್ತದೆ? (2, 1)ರ ಎರಡು ಪಾಲು (4, 2). ಅದಕ್ಕೆ (1, 3) ಸೇರಿದರೆ (5, 5). ಗ್ರಾಫ್ ಹಾಳೆಯ ಮೇಲೆ ಒಂದು ಬಾಣದ ತುದಿಗೆ ಇನ್ನೊಂದರ ಬುಡ ತಾಗುವಂತೆ ನೀವೇ ಎಳೆದು ನೋಡಿ. ಈ ಚಿತ್ರ ಕೈಗೆ ಒಗ್ಗುವವರೆಗೆ ಮುಂದಿನ ಅಧ್ಯಾಯಕ್ಕೆ ದಯವಿಟ್ಟು ಹೋಗಬೇಡಿ.

ಈಗ ಎರಡನೆಯ ಕಂಬಸಾಲನ್ನು (4, 2) ಎಂದು ಬದಲಿಸಿ. ಅದು (2, 1)ರ ಎರಡರಷ್ಟೇ ಆದ್ದರಿಂದ ಎರಡೂ ಬಾಣಗಳು ಒಂದೇ ರೇಖೆಯ ಮೇಲೆ ಬೀಳುತ್ತವೆ, ಎಷ್ಟೇ ಪಾಲು ಕೂಡಿಸಿದರೂ ಆ ರೇಖೆಯಿಂದ ಆಚೆ ಹೋಗಲಾಗದು. (6, 3) ಅಸಂಖ್ಯ ರೀತಿಗಳಲ್ಲಿ ಸಿಗುತ್ತದೆ. (5, 5) ಯಾವ ರೀತಿಯಲ್ಲೂ ಸಿಗುವುದಿಲ್ಲ. ನಿಮ್ಮ ಪುಸ್ತಕ ರೇಖೀಯ ಅವಲಂಬನೆ ಎನ್ನುವುದು ಇದನ್ನೇ. ರ‍್ಯಾಂಕ್ (ಒಂದನ್ನೊಂದು ಅವಲಂಬಿಸದ ಕಂಬಸಾಲುಗಳ ಸಂಖ್ಯೆ) 2ರಿಂದ 1ಕ್ಕೆ ಇಳಿಯಿತೆಂದರೆ, ತಲುಪಬಹುದಾದ ಬಿಂದುಗಳು ಇಡೀ ಸಮತಲದಿಂದ ಒಂದು ರೇಖೆಗೆ ಕುಗ್ಗಿದವೆಂದು ಅರ್ಥ. ಡಿಟರ್ಮಿನೆಂಟ್ ಹೇಳುವುದೂ ಅದನ್ನೇ: ಮೊದಲ ಜೋಡಿ ಬಾಣಗಳಿಂದಾಗುವ ಸಮಾಂತರ ಚತುರ್ಭುಜದ ವಿಸ್ತೀರ್ಣ 5, ಎರಡನೆಯ ಜೋಡಿಯದು 0.

ವೆಕ್ಟರ್ ಸ್ಪೇಸಿನ, ಅಂದರೆ ಹೀಗೆ ಪಾಲು ತೆಗೆದು ಕೂಡಿಸಿದರೂ ಹೊರಗೆ ಹೋಗದ ವೆಕ್ಟರುಗಳ ಸಮೂಹದ, ನಿಯಮಗಳು ಮೊದಲ ಓದಿಗೇ ದಕ್ಕಲಿಲ್ಲವೆಂದು ಕುಗ್ಗಬೇಕಾಗಿಲ್ಲ. ಸಮೀಕರಣಗಳಿಂದ ಅವ್ಯಕ್ತಗಳನ್ನು ಒಂದೊಂದಾಗಿ ವರ್ಜಿಸುವ ಕ್ರಮ ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯ ಚೀನೀ ಗಣಿತಗ್ರಂಥದಲ್ಲಿಯೇ ಇದೆ. ಮ್ಯಾಟ್ರಿಕ್ಸುಗಳ (ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಅಂಕಿಗಳ) ಬೀಜಗಣಿತವನ್ನು ಕುರಿತು ಇಂಗ್ಲೆಂಡಿನ ಗಣಿತಜ್ಞ ಆರ್ಥರ್ ಕೇಲಿ ಬರೆದ ಪ್ರಬಂಧ 1858ರದು. ಇಟಲಿಯ ಗಣಿತಜ್ಞ ಪೆಯಾನೊ ವೆಕ್ಟರ್ ಸ್ಪೇಸಿನ ನಿಯಮಗಳನ್ನು ಪಟ್ಟಿಮಾಡಿ ವ್ಯಾಖ್ಯೆ ಕೊಟ್ಟದ್ದು 1888ರಲ್ಲಿ. ಇಷ್ಟು ತಡವಾಗಿ ಬಂದ ವ್ಯಾಖ್ಯೆಯನ್ನು ಮೊದಲ ಪುಟದಲ್ಲೇ ಇಟ್ಟು ಪಾಠ ಆರಂಭಿಸುವುದು ಹೊಸ ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯವೆಂದು ನಾನು ದೃಢವಾಗಿ ನಂಬಿದ್ದೇನೆ. ಉದಾಹರಣೆಗಳು ಕೈಗೆ ಪಳಗಿದ ಮೇಲೆ ಅದೇ ವ್ಯಾಖ್ಯೆ ಸಹಜವಾಗಿ ಕಾಣುತ್ತದೆ.

ಮುಂದಿನ ಹೆಜ್ಜೆಗೆ (1, 2, 3), (4, 5, 6), (7, 8, 9) ಎಂಬ ಮೂರು ಕಂಬಸಾಲುಗಳನ್ನು ತೆಗೆದುಕೊಳ್ಳಿ. ಮೊದಲನೆಯದನ್ನೂ ಮೂರನೆಯದನ್ನೂ ಕೂಡಿಸಿದರೆ ನಡುವಿನದರ ಎರಡರಷ್ಟಾಗುತ್ತದೆ. ಆದ್ದರಿಂದ ಮೂರೂ ಒಂದೇ ಸಮತಲದಲ್ಲಿವೆ. ವರ್ಜಿಸುತ್ತಾ ಹೋದಾಗ ಕೊನೆಯ ಅಡ್ಡಸಾಲು ಪೂರ್ತಿ ಸೊನ್ನೆಯಾಗುವುದು ಇದರಿಂದಲೇ. ಇವುಗಳಿಂದ (1, 0, 0) ಪಡೆಯಲು ಸಾಧ್ಯವೇ ಎಂಬುದನ್ನು ಲೆಕ್ಕ ಬಿಡಿಸದೆ ಹೇಳಲು ಪ್ರಯತ್ನಿಸಿ. ಒಂದು ಸುಳಿವು ಕೊಡುತ್ತೇನೆ: ಮೂರು ಕಂಬಸಾಲುಗಳಲ್ಲಿಯೂ ಮೇಲಿನ ಮತ್ತು ಕೆಳಗಿನ ಅಂಕಿಗಳ ಮೊತ್ತ ನಡುವಿನ ಅಂಕಿಯ ಎರಡರಷ್ಟಿದೆ.