ಜೀರೋ ಪಿಸಿಬಿ (ಬರೀ ತೂತುಗಳಿರುವ ಖಾಲಿ ಬೋರ್ಡ್) ಮೇಲೆ 4×4 ಕೀಪ್ಯಾಡ್ ಮಾಡಿದ್ದೇನೆ. ಒತ್ತದೇ ಇದ್ದರೂ 6 ಬರುತ್ತಲೇ ಇದೆ, 1 ಮತ್ತು 4 ಒಟ್ಟಿಗೆ ಒತ್ತಿದರೆ 3 ಕೂಡ ಬರುತ್ತದೆ. ಡಯೋಡ್ ಹಾಕಬೇಕಾ?

ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ತರೋಕೆ ಈಗಲೇ ಓಡಬೇಡಿ. ನಿಮ್ಮ 6ರ ಬಟನ್ ಅಡ್ಡ ತಿರುಗಿ ಕೂತಿದೆ ಅಂತ ನನ್ನ ಅನುಮಾನ. ನಾನೂ ಒಮ್ಮೆ 12ಕ್ಕೆ 12 ಬಟನ್‌ಗಳನ್ನೂ ಹಾಗೇ ಸೋಲ್ಡರ್ ಮಾಡಿ, ರಾತ್ರಿಯೆಲ್ಲ ಕೋಡ್‌ನಲ್ಲಿ ತಪ್ಪು ಹುಡುಕಿದವನು.

ಈ 6×6 ಮಿ.ಮೀ. ಪುಶ್ ಬಟನ್‌ಗೆ ಕಾಲು ನಾಲ್ಕು, ಆದರೆ ಒಳಗಿನ ತುದಿ ಎರಡೇ. ಬೋರ್ಡ್‌ನಲ್ಲಿ ಮೂರು ತೂತು ಅಂತರದಲ್ಲಿ ಕೂರುವ ಜೋಡಿ ಒಳಗೇ ಒಂದಾಗಿರುತ್ತದೆ. ಎರಡು ತೂತು ಅಂತರದ ಜೋಡಿ ಒತ್ತಿದಾಗ ಮಾತ್ರ ಕೂಡುತ್ತದೆ. ಮೇಲಿನಿಂದ ನೋಡಿದರೆ ಚೌಕ, ಹಾಗಾಗಿ ತಿರುಗಿದ್ದು ಗೊತ್ತೇ ಆಗಲ್ಲ. ಕಾಲು ಸ್ವಲ್ಪ ಬಗ್ಗಿಸಿ ಒತ್ತಿದರೆ ಅಡ್ಡಡ್ಡವೂ ಕೂತುಬಿಡುತ್ತದೆ. ಆಗ ರೋ (ಅಡ್ಡಸಾಲಿನ ವೈರ್), ಕಾಲಮ್ (ಉದ್ದಸಾಲಿನ ವೈರ್) ಎರಡೂ ಒಂದೇ ಬದಿಯ ಕಾಲುಗಳಿಗೆ ಸೇರಿದ್ದರೆ ಬಟನ್ ಒಳಗೇ ಶಾರ್ಟ್, ಅಂದರೆ ಒತ್ತದೆಯೇ ಕೂಡಿಕೊಂಡಿರುತ್ತವೆ.

ಆರ್ಡುಯಿನೊದಿಂದ (ಕೋಡ್ ಓಡಿಸುವ ಬೋರ್ಡ್) ಕೀಪ್ಯಾಡ್ ಬಿಚ್ಚಿ, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಎರಡನೇ ರೋ ಮತ್ತು ಮೂರನೇ ಕಾಲಮ್‌ಗೆ ಮುಟ್ಟಿಸಿ. ಸುಮ್ನೆ ಇದ್ದಾಗಲೂ ಬೀಪ್ ಬಂದರೆ ಅಲ್ಲೇ ಇದೆ ಕಳ್ಳ. ಪಕ್ಕದ ಪ್ಯಾಡ್‌ಗೆ (ತೂತಿನ ಸುತ್ತಲಿನ ತಾಮ್ರಕ್ಕೆ) ಬೆಸುಗೆಯ ಲೆಡ್ ಹರಿದಿದ್ದರೂ ಬೀಪ್ ಬರುತ್ತದೆ, ಮೊದಲು ಬೋರ್ಡ್ ಮಗುಚಿ ನೋಡಿ.

ಇನ್ನು 3 ಎಲ್ಲಿಂದ ಬಂತು? 1, 4, 6 ಒಂದು ಆಯತದ ಮೂರು ಮೂಲೆ. ಮೂರೂ ಕೂಡಿಕೊಂಡರೆ ಕರೆಂಟ್ ಸುತ್ತಿಕೊಂಡು ಬಂದು ನಾಲ್ಕನೇ ಮೂಲೆಯ 3 ಕೂಡ ಒತ್ತಿದಂತೆ ಕಾಣುತ್ತದೆ. 6 ಯಾವಾಗಲೂ ಒತ್ತಿಕೊಂಡೇ ಇರುವುದರಿಂದ ನಿಮಗೆ ಎರಡೇ ಬೆರಳು ಸಾಕಾಯಿತು, ಅಷ್ಟೇ.

ಸರಿಯಾಗಿ ಕೂರಿಸಿದರೆ ಆ ಒಳಗಿನ ಜೋಡಿಯಿಂದ ದೊಡ್ಡ ಲಾಭ ಇದೆ. ರೋ ವೈರನ್ನು ಬಟನ್‌ನ ಮೇಲಿನ ಎಡಗಾಲಿಗೆ ಕೊಡಿ. ಮೇಲಿನ ಬಲಗಾಲಿನಿಂದ ಅದು ತಾನಾಗೇ ಹೊರಬರುತ್ತದೆ, ಅಲ್ಲಿಂದ ಮುಂದಿನ ಬಟನ್‌ಗೆ. ಕಾಲಮ್ ವೈರನ್ನು ಬೋರ್ಡ್‌ನ ಕೆಳಮೈಯಲ್ಲಿ ಆ ಎರಡು ಕಾಲುಗಳ ನಡುವೆ ಇಳಿಸಿ, ಕೆಳಗಿನ ಒಂದು ಕಾಲಿಗೆ ಸೇರಿಸಿ. ರೋ ಬಟನ್ ಒಳಗೆ ದಾಟುತ್ತದೆ, ಕಾಲಮ್ ಕೆಳಗೆ ದಾಟುತ್ತದೆ. ಒಂದಕ್ಕೊಂದು ತಾಗುವ ಮಾತೇ ಇಲ್ಲ, ಹೊದಿಕೆ ಇಲ್ಲದ ತಾಮ್ರದ ತಂತಿಯಲ್ಲೇ 16 ಬಟನ್ ಮುಗಿಯುತ್ತವೆ. ನೀವೂ ಹೀಗೇ ಮಾಡಿದ್ದು, ರೋ ಎಡದಿಂದ ಬರುತ್ತಿದ್ದರೆ ಇನ್ನೊಂದು ಗುರುತು ಸಿಗುತ್ತದೆ: 6 ಒತ್ತಿ ಹಿಡಿದಾಗ ಮಾತ್ರ ಅದರ ಪಕ್ಕದ ಬಿ ಕೀ ಕೆಲಸ ಮಾಡುತ್ತದೆ.

ಬಾಗಿಲ ಬೀಗಕ್ಕೆ ಪಿನ್ ಒತ್ತೋ ಕೀಪ್ಯಾಡ್ ಆದರೆ ಡಯೋಡ್ ಬೇಡ, ಒಂದು ಸಲಕ್ಕೆ ಒಂದೇ ಕೀ ಅಲ್ವಾ. ಮೂರು ಬೆರಳು ಬೀಳುವ ಪಿಯಾನೋ, ಗೇಮ್ ಅಂದರೆ ಬಟನ್‌ಗೊಂದು 1ಎನ್4148 ಡಯೋಡ್ ಹಾಕಿ. ಅದರ ಕಪ್ಪು ಪಟ್ಟಿ ಇರಬೇಕಾದ್ದು ಕೋಡ್ ಲೋ (0 ವೋಲ್ಟ್) ಮಾಡುವ ಕಡೆಗೆ. ಆರ್ಡುಯಿನೊದ ಕೀಪ್ಯಾಡ್ ಲೈಬ್ರರಿ (ರೆಡಿ ಕೋಡ್) ಕಾಲಮ್‌ಗಳನ್ನು ಲೋ ಮಾಡುತ್ತದೆ, ಆದ್ದರಿಂದ ಪಟ್ಟಿ ಕಾಲಮ್ ಕಡೆ. ಉಲ್ಟಾ ಹಾಕಿದರೆ ಏನೂ ಸುಡಲ್ಲ, ಕೀ ಮಾತ್ರ ಬರಲ್ಲ.

6 ಅನ್ನು ತೆಗೆಯುವಾಗ ನಾಲ್ಕೂ ಕಾಲಿನ ಲೆಡ್ಡನ್ನು ಪಂಪ್‌ನಲ್ಲಿ ಪೂರ್ತಿ ಎಳೆದ ಮೇಲೇ ಎತ್ತಿ. ಆತುರಪಟ್ಟರೆ ಪ್ಯಾಡ್ ಕಿತ್ತು ಬರುತ್ತದೆ, ನನ್ನದು ಐದು ಹೋಗಿದ್ದವು. ಹಾಗಾದರೂ ಗಾಬರಿ ಬೇಡ. ಮೂಲೆಯಿಂದ ಮೂಲೆಗೆ ಎದುರಿರುವ ಎರಡು ಕಾಲಿಗೆ ಮಾತ್ರ ವೈರ್ ಕೊಡಿ, ಬಟನ್ ಹೇಗೆ ತಿರುಗಿದ್ದರೂ ನಡೆಯುತ್ತದೆ.