ಮನೆ ಕಂದಾಯ ಬಿಟ್ಟು ಅಮೆರಿಕದ ಸರ್ಕಾರಿ ಶಾಲೆ ನಡೆಸಬಹುದಾ?

ಅಮೆರಿಕದ ಸರ್ಕಾರಿ ಶಾಲೆಗಳು ಊರಿನ ಆಸ್ತಿ ತೆರಿಗೆಯನ್ನೇ ಯಾಕೆ ನೆಚ್ಚಿಕೊಂಡಿವೆ, ಬೇರೆ ದಾರಿ ಇಲ್ವಾ ಎಂದು ಕೇಳಿದ್ದೀರಿ. ಇದೆ. ನಾನಿರುವ ಮಿಶಿಗನ್ 30 ವರ್ಷದ ಹಿಂದೆಯೇ ಆ ದಾರಿ ಹಿಡಿಯಿತು. ಪೂರ್ತಿ ಬಿಡಲು ಮಾತ್ರ ಆಗಲಿಲ್ಲ.

ನಮ್ಮ ಕರ್ನಾಟಕದಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ಊರಿನವರು ಎಷ್ಟು ಕಂದಾಯ ಕಟ್ಟಿದರು ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿ ಹಾಗಲ್ಲ. ಹಿಂದೆ ಒಂದೊಂದು ಶಾಲಾ ಮಂಡಳಿಯೂ ತನ್ನ ಗಡಿಯೊಳಗಿನ ಮನೆ, ಅಂಗಡಿ, ಕಾರ್ಖಾನೆಗಳ ಮೇಲೆ ತೆರಿಗೆ ಹಾಕಿಯೇ ಶಾಲೆಯ ಹೆಚ್ಚಿನ ಖರ್ಚು ತೂಗಿಸಬೇಕಿತ್ತು. ಅದಕ್ಕೆ ಜನರ ವೋಟೂ ಬೇಕು. ದೊಡ್ಡ ಬಂಗಲೆಗಳ ಊರಲ್ಲಿ ಒಂದು ಮಗುವಿಗೆ ವರ್ಷಕ್ಕೆ 10,000 ಡಾಲರ್ ಆಸುಪಾಸು ಸಿಗುತ್ತಿತ್ತು, ಬಡ ಊರಲ್ಲಿ 4,000ಕ್ಕೂ ಕಡಿಮೆ. 1993ರಲ್ಲಿ ಉತ್ತರ ಭಾಗದ ಕಲ್ಕಾಸ್ಕ ಎಂಬ ಸಣ್ಣ ಊರಿನ ಜನ ತೆರಿಗೆ ಏರಿಕೆಗೆ ಒಪ್ಪಲಿಲ್ಲ. ಜೂನ್‌ವರೆಗೆ ನಡೆಯಬೇಕಿದ್ದ ಶಾಲೆ ಮಾರ್ಚ್‌ನಲ್ಲೇ ಬಾಗಿಲು ಹಾಕಿತು.

ಅದೇ ಬೇಸಿಗೆಯಲ್ಲಿ ಶಾಸಕರು ಶಾಲೆ ಖರ್ಚಿನ ಆಸ್ತಿ ತೆರಿಗೆಯನ್ನೇ ರದ್ದು ಮಾಡಿದರು. ಬದಲಿಗೆ ದುಡ್ಡು ಎಲ್ಲಿಂದ ಅನ್ನುವುದು ಇನ್ನೂ ತೀರ್ಮಾನವೇ ಆಗಿರಲಿಲ್ಲ! ರಾಜ್ಯಪಾಲ ಜಾನ್ ಎಂಗ್ಲರ್ ಸಹಿಯನ್ನೂ ಹಾಕಿದರು. (ಇಲ್ಲಿ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ.) 1994ರ ಮಾರ್ಚ್‌ನಲ್ಲಿ ಜನರ ಮುಂದೆ ಎರಡು ದಾರಿ ಇಟ್ಟರು. ಒಪ್ಪಿದರೆ ಮಾರಾಟ ತೆರಿಗೆ 4ರಿಂದ 6%ಗೆ, ಸಿಗರೇಟು ಪ್ಯಾಕಿನ ತೆರಿಗೆ 25 ಸೆಂಟ್‌ನಿಂದ 75ಕ್ಕೆ. ಒಪ್ಪದಿದ್ದರೆ ಆದಾಯ ತೆರಿಗೆ 4.6ರಿಂದ 6%ಗೆ. ಸುಮ್ನೆ ಬಿಟ್ಟುಬಿಡಿ ಅನ್ನುವ ಆಯ್ಕೆಯೇ ಇರಲಿಲ್ಲ. ಜನ ಮಾರಾಟ ತೆರಿಗೆಯನ್ನೇ ಆರಿಸಿದರು.

ಈಗ ಅಂಗಡಿಯಿಂದ ತಂದ ಅಕ್ಕಿ ಉದ್ದಿಗೆ ತೆರಿಗೆ ಇಲ್ಲ, ಹೋಟೆಲಿನ ದೋಸೆಗೆ 6%. ಡಾಲರಿಗೆ ಬೀಳುವ ಆ ಆರು ಸೆಂಟ್‌ನಲ್ಲಿ ನಾಲ್ಕಕ್ಕಿಂತ ಜಾಸ್ತಿ ಶಾಲೆಗಳ ನಿಧಿಗೇ ಹೋಗುತ್ತದೆ. ಆ ನಿಧಿಯಿಂದ ರಾಜ್ಯವೇ ಮಗುವಿಗೆ ಇಷ್ಟು ಎಂದು ಹಂಚುತ್ತದೆ. ಅಂತರ ಮೆಲ್ಲಗೆ ಕರಗಿತು. 2021ರಲ್ಲಿ ಮಗುವಿಗೆ 8,700 ಡಾಲರ್ ಅಂತ ಹೆಚ್ಚುಕಡಿಮೆ ಎಲ್ಲ ಊರಿಗೂ ಒಂದೇ ಮೂಲ ಮೊತ್ತ ಮಾಡಿದರು.

ಆದರೆ ಹಳೇ ತೆರಿಗೆ ಹಿತ್ತಲ ಬಾಗಿಲಿನಿಂದ ವಾಪಸ್ ಬಂತು. ಎಲ್ಲ ಆಸ್ತಿಯ ಮೇಲೂ ರಾಜ್ಯದ್ದು 6 ಮಿಲ್, ಅಂದರೆ ಸಾವಿರಕ್ಕೆ 6 ಡಾಲರ್. ನೀವೇ ವಾಸ ಮಾಡದ ಮನೆ, ಅಂಗಡಿಗಳಿಗೆ ಊರಿನದು ಇನ್ನೂ 18 ಮಿಲ್‌ವರೆಗೆ. ನಾನು ಮನೆ ಕೊಂಡಾಗ 'ಇದು ನನ್ನ ವಾಸದ ಮನೆ' ಎಂದು ಬರೆದುಕೊಡುವ ಅರ್ಜಿ ಹಾಕುವುದನ್ನೇ ಮರೆತಿದ್ದೆ. ತಪ್ಪು ನನ್ನದೇ. 3 ಲಕ್ಷ ಡಾಲರ್ ಮನೆ, ತೆರಿಗೆಗೆ ಲೆಕ್ಕ ಹಿಡಿಯುವುದು ಅದರ ಅರ್ಧ. ಆ ಒಂದು ಹಾಳೆ ಮರೆತದ್ದಕ್ಕೆ ಬಿಲ್ಲಿನಲ್ಲಿ 2,700 ಡಾಲರ್ ಹೆಚ್ಚಿಗೆ ಬಂತು. ಬಾಡಿಗೆ ಮನೆ ಮಾಲೀಕರು ಪ್ರತಿವರ್ಷ ಕಟ್ಟುವುದು ಇದನ್ನೇ. ಅದು ಬಾಡಿಗೆಗೆ ಸೇರದೆ ಇರುತ್ತದಾ?

ಇನ್ನೊಂದು ತೊಡಕೂ ಇದೆ. ಮಾರಾಟ ತೆರಿಗೆ ಜನರ ಕೈ ನೋಡಿಕೊಂಡು ಬರುವ ದುಡ್ಡು. 2008ರ ನಂತರ ಡೆಟ್ರಾಯಿಟ್‌ನ ಕಾರು ಕಂಪನಿಗಳು ಮುಗ್ಗರಿಸಿದಾಗ ಜನ ಕೊಳ್ಳುವುದು ಕಡಿಮೆ ಮಾಡಿದರು, ಶಾಲೆಗೆ ಬರುವ ದುಡ್ಡಿಗೂ ಕತ್ತರಿ ಬಿತ್ತು. ಮನೆ ತೆರಿಗೆಯನ್ನು ಯಾರೂ ಇಷ್ಟಪಡುವುದಿಲ್ಲ, ಆದರೆ ಅದು ಅಷ್ಟು ಬೇಗ ಬೀಳುವುದೂ ಇಲ್ಲ. ಆದಾಯ ತೆರಿಗೆಗೂ ಮಾರಾಟ ತೆರಿಗೆಯ ಕಷ್ಟವೇ, ಕೆಲಸ ಹೋದವರು ಏನು ಕಟ್ಟುತ್ತಾರೆ? ಲಾಟರಿ ದುಡ್ಡೂ ಇಲ್ಲಿ ಶಾಲೆಗೇ ಹೋಗುತ್ತದೆ, ಆದರೆ ಒಟ್ಟು ಖರ್ಚಿನಲ್ಲಿ ಅದರ ಪಾಲು ಸಣ್ಣದು. ಜಾಹೀರಾತು ನೋಡಿ ಮೋಸ ಹೋಗಬೇಡಿ.

ಶಾಲೆಗೆ ಆಸ್ತಿ ತೆರಿಗೆಯೇ ಬೇಡ ಎಂದು ನಿಂತಿರುವುದು ಹವಾಯಿ. ಅಲ್ಲಿ ಇಡೀ ರಾಜ್ಯಕ್ಕೆ ಒಂದೇ ಶಾಲಾ ಮಂಡಳಿ, ದುಡ್ಡು ಬಹುಪಾಲು ರಾಜ್ಯದ ಬೊಕ್ಕಸದ್ದು. ನಮ್ಮ ಕರ್ನಾಟಕದ ಪದ್ಧತಿಗೆ ಹತ್ತಿರ ಅಲ್ವಾ? ತಮ್ಮೂರಿನ ಶಾಲೆ ತಮ್ಮ ಕೈಯಲ್ಲೇ ಇರಬೇಕು ಅನ್ನುವ ಮಿಶಿಗನ್ ಜನ ಅದನ್ನು ಒಪ್ಪುತ್ತಾರೆ ಎಂದು ನನಗನ್ನಿಸುವುದಿಲ್ಲ.

ನನ್ನನ್ನು ಕೇಳಿದರೆ ಮಿಶಿಗನ್ ಮಾಡಿದ ಬೆರಕೆಯೇ ವಾಸಿ, ಒಂದು ಕೊರತೆ ಬಿಟ್ಟು. ಸಂಬಳ, ಪುಸ್ತಕಕ್ಕೆ ರಾಜ್ಯದ ದುಡ್ಡು ಬಂತು. ಕಟ್ಟಡಕ್ಕೆ ಮಾತ್ರ ಇವತ್ತಿಗೂ ಊರಿನವರೇ ವೋಟು ಹಾಕಿ ಸಾಲ ಎತ್ತಿ, ಮನೆ ತೆರಿಗೆಯಿಂದಲೇ ತೀರಿಸಬೇಕು. ಮಗಳ ವಾಲಿಬಾಲ್ ಆಟಕ್ಕೆ ಪಕ್ಕದೂರಿನ ಶಾಲೆಗೆ ಹೋಗಿದ್ದೆ. ಮಗುವಿಗೆ ಸಿಗುವ ಮೂಲ ಮೊತ್ತ ನಮಗೂ ಅವರಿಗೂ ಒಂದೇ. ಅಲ್ಲಿ ಹೊರಗೆ ಮಳೆ, ಒಳಗೆ ಆಟದ ಅಂಕಣದ ಮೂಲೆಯಲ್ಲಿ ಎರಡು ಬಕೆಟ್ ಇಟ್ಟಿದ್ದರು.